ಬೆಟ್ಟಕ್ಕೆ ಗಾಡಿ ಹತ್ತಿಸುವ ಮುಂಚೆ ಪಹಣಿ ನೋಡುತ್ತೇನೆ

ಮಲೆನಾಡಿನ ಮಣ್ಣು ರಸ್ತೆಯಲ್ಲಿ ಫೋರ್ ವೀಲ್ ಡ್ರೈವ್ ಗಾಡಿ ಓಡಿಸುವುದೆಂದರೆ ನನಗೆ ಪ್ರಾಣ. ಗೆಳೆಯರ ಜೊತೆ ಹೊರಟಾಗ ದಾರಿ ಗೊತ್ತುಮಾಡುವ ಕೆಲಸ ನನ್ನದೇ. ಮ್ಯಾಪಿನಲ್ಲಿ ಒಂದು ಗೆರೆ ಕಂಡಿತು ಅಂತ ಸುಮ್ನೆ ನುಗ್ಗೋಕಾಗಲ್ಲ. ಆ ಜಾಗ ಯಾರದ್ದು ಅಂತ ಮೊದಲು ಗೊತ್ತಾಗಬೇಕು.

ಅದಕ್ಕೆ ದಿಶಾಂಕ್ ಆ್ಯಪ್ ಇದೆ. ದಾರಿಯ ಮೇಲೆ ಬೆರಳಿಟ್ಟರೆ ಸರ್ವೆ ನಂಬರ್ ಸಿಗುತ್ತದೆ. ಆ ನಂಬರನ್ನು ಭೂಮಿ ವೆಬ್‌ಸೈಟಿನಲ್ಲಿ ಹಾಕಿ ಪಹಣಿ ತೆಗೆಯುತ್ತೇನೆ. ತೋಟವಾದರೆ ಮಾಲೀಕರ ಒಪ್ಪಿಗೆ ಕೇಳುತ್ತೇನೆ. ಗೋಮಾಳ, ಖರಾಬು (ಸಾಗುವಳಿಗೆ ಬಾರದ ಜಾಗ) ಅಂತಿದ್ದರೂ ಅಲ್ಲಿಗೇ ನಿಲ್ಲಿಸುವುದಿಲ್ಲ. ಕಂದಾಯ ಜಾಗ ಅಂದುಕೊಂಡಿದ್ದು ಡೀಮ್ಡ್ ಅರಣ್ಯದ, ಅಂದರೆ ಅಧಿಸೂಚನೆ ಆಗದಿದ್ದರೂ ಅರಣ್ಯವೆಂದೇ ಪರಿಗಣಿಸುವ ಜಾಗದ ಪಟ್ಟಿಯಲ್ಲಿರಬಹುದು. ಹಾಗಾಗಿ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಕಚೇರಿಯಲ್ಲಿ ಕೇಳಿಯೇ ಮುಂದುವರಿಯುತ್ತೇನೆ.

ಅಭಯಾರಣ್ಯದಲ್ಲಿ ನಿಯಮ ಇನ್ನೂ ಬಿಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಪ್ರಕಾರ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಅನುಮತಿ ಬೇಡ. ಆ ರಸ್ತೆಯಿಂದ ಪಕ್ಕದ ಮಣ್ಣು ಹಾದಿಗೆ ಗಾಡಿ ತಿರುಗಿಸಿದರೆ ಮಾತು ಬೇರೆ. ಪ್ರವಾಸಕ್ಕೆ ಬಂದವರಿಗೆ 28ನೇ ಕಲಂ ಅಡಿ ಅನುಮತಿ ಬೇಕು. ಇಲ್ಲದಿದ್ದರೆ ಕೇಸು ಹಾಕಬಹುದು, ಗಾಡಿಯನ್ನೂ ಜಪ್ತಿ ಮಾಡಬಹುದು.

ಮೂಕಾಂಬಿಕಾ ಅಭಯಾರಣ್ಯದೊಳಗಿನ ಕೊಡಚಾದ್ರಿಗೆ ನಾನು ನನ್ನ ಗಾಡಿ ಒಯ್ಯುವುದಿಲ್ಲ. ಕೊಲ್ಲೂರಿನಲ್ಲಿ ನಿಲ್ಲಿಸಿ ಬಾಡಿಗೆ ಜೀಪು ಹತ್ತುತ್ತೇನೆ. 1343 ಮೀಟರ್ ಎತ್ತರದ ಬೆಟ್ಟ ಅದು. ಕೊನೆಯ ಕೆಲವು ಕಿಲೋಮೀಟರ್ ಪೂರ್ತಿ ಕಲ್ಲು, ಕೊರಕಲು. ಆ ಡ್ರೈವರ್‌ಗಳ ಕೈ ನೋಡಬೇಕು! ಚಕ್ರ ಕೊರಕಲಿಗೆ ಇಳಿದರೂ ಪಕ್ಕದ ಹುಲ್ಲಿಗೆ ಹತ್ತಿಸುವುದಿಲ್ಲ. "ಹುಲ್ಲು ತುಳಿದ್ರೆ ಮುಂದಿನ ಮಳೆಗೆ ಅಲ್ಲೇ ಹಳ್ಳ ಆಗತ್ತೆ ಸರ್" ಅಂದರು ಒಬ್ಬರು.

ಅವರ ಮಾತು ನಿಜ. ಕಣಿವೆಯಲ್ಲಿ ಕಾಡು, ಮೇಲೆ ಹುಲ್ಲು ಇರುವ ಶೋಲಾ ಬೆಟ್ಟಗಳ ಇಳಿಜಾರಿನಲ್ಲಿ ಮಣ್ಣಿನ ಪದರ ತೆಳು, ಅದನ್ನು ಹಿಡಿದಿಟ್ಟಿರುವುದೇ ಹುಲ್ಲಿನ ಬೇರು. ಟೈರು ಒತ್ತಿದ ಕಡೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ, ಹರಿಯುತ್ತದೆ. ಜೂನ್‌ನಲ್ಲಿ ಬರೀ ಎರಡು ಗೆರೆಯಾಗಿ ಕಂಡದ್ದನ್ನು ಸೆಪ್ಟೆಂಬರ್‌ನಲ್ಲಿ ಹೋಗಿ ನೋಡಿ. ಮೊಣಕಾಲುದ್ದದ ಚರಂಡಿ, ತಳದಲ್ಲಿ ಕೆಂಪು ಜಂಬಿಟ್ಟಿಗೆ. ಆಮೇಲೆ ಬಂದವರು ಆ ಚರಂಡಿ ತಪ್ಪಿಸಲು ಪಕ್ಕದಲ್ಲಿ ಹೊಸ ಜಾಡು ಮಾಡುತ್ತಾರೆ. ಒಂದಿದ್ದದ್ದು ನಾಲ್ಕಾಗುತ್ತದೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಅನುಮತಿ ಸಿಕ್ಕ ಕಡೆ ಇರುವ ಜಾಡಿನಲ್ಲೇ, ಲೋ ರೇಂಜ್‌ನಲ್ಲಿ (ನಿಧಾನವಾಗಿ, ಹೆಚ್ಚು ಎಳೆತ ಕೊಡುವ ಗೇರಿನಲ್ಲಿ), ಚಕ್ರ ನಿಂತಲ್ಲೇ ಗಿರಗಿರ ಸುತ್ತಲು ಬಿಡದೆ ಹೋಗುತ್ತೇವೆ. ಟೈರಿನ ಗಾಳಿ ಸ್ವಲ್ಪ ಇಳಿಸಿಕೊಂಡರೆ ಹಿಡಿತ ಜಾಸ್ತಿ, ಮಣ್ಣು ಕೆದರುವುದು ಕಮ್ಮಿ. ಎದುರು ಗಾಡಿ ಬಂದರೆ ಅಗಲ ಸಿಗುವವರೆಗೆ ಹಿಂದಕ್ಕೆ ಬರುತ್ತೇವೆ. ಮಳೆ ಜೋರಾದರೆ ಅರಣ್ಯ ಇಲಾಖೆಯ ಗೇಟು ಯಾವಾಗ ಬೇಕಾದರೂ ಮುಚ್ಚಬಹುದು. ಅದಕ್ಕೇ ಹೊರಡುವ ಹಿಂದಿನ ಸಂಜೆ ಆರ್‌ಎಫ್‌ಒ ಕಚೇರಿಗೆ ಇನ್ನೊಮ್ಮೆ ಫೋನ್ ಮಾಡುತ್ತೇನೆ. ಬೇಡ ಅಂದರೆ ಅವತ್ತಿಗೆ ಡಾಂಬರು ರಸ್ತೆಯೇ ಗತಿ.