ಸೊಂಟಕ್ಕಿಂತ ಮೊದಲು ಮಂಡಿ: ನಾನು ರುಂಬಾ ಕಲಿತ ಬಗೆ

ಜಯನಗರದ ಒಂದು ತರಗತಿಗೆ ರುಂಬಾ ಎಂಬ ಲ್ಯಾಟಿನ್ ಜೋಡಿ ನೃತ್ಯ ಕಲಿಯಲು ಸೇರಿದಾಗ, ಹನ್ನೆರಡು ವರ್ಷ ಭರತನಾಟ್ಯ ಮಾಡಿದ ಧೈರ್ಯ ನನಗಿತ್ತು. ಮೊದಲ ಆರು ತಿಂಗಳು ಆ ಅಭ್ಯಾಸವೇ ಅಡ್ಡಿಯಾಯಿತು. ಭರತನಾಟ್ಯದ ಅರೆ ಕುಳಿತ ನಿಲುವಾದ ಅರಮಂಡಿಯಲ್ಲಿ ಮಂಡಿ ಬಾಗಿರಬೇಕು, ಸೊಂಟ ಅಲುಗಬಾರದು. ರುಂಬಾದಲ್ಲಿ ಭಾರ ಹೊತ್ತ ಕಾಲು ನೇರವಾಗಬೇಕು, ಸೊಂಟ ಆ ಕಡೆಗೆ ಸರಿಯಬೇಕು. ಸರಿಯದಿದ್ದಾಗ ಬಲವಂತವಾಗಿ ತಳ್ಳುತ್ತಿದ್ದೆ, ಸಿಕ್ಕಿದ್ದು ನಡುನೋವು.

ಸೊಂಟದ ಯೋಚನೆಯನ್ನು ಬಿಟ್ಟು ಪಾದ ಮತ್ತು ಮಂಡಿಗಳನ್ನು ಗಮನಿಸತೊಡಗಿದ ಮೇಲೆ ದಾರಿ ಕಂಡಿತು. ಪಾದದ ಮುಂಭಾಗವನ್ನು ನೆಲಕ್ಕೆ ಒತ್ತಿ, ಭಾರ ಬಂದಂತೆಲ್ಲ ಮಂಡಿಯನ್ನು ನೇರಮಾಡುತ್ತ ಹಿಮ್ಮಡಿ ಊರಿದರೆ, ಆ ಕಡೆಯ ಸೊಂಟ ತಾನಾಗಿಯೇ ಪಕ್ಕಕ್ಕೂ ತುಸು ಹಿಂದಕ್ಕೂ ಸರಿಯುತ್ತದೆ. ಅದೇ ಹೊತ್ತಿಗೆ ಭಾರವಿಲ್ಲದ ಕಾಲಿನ ಮಂಡಿ ಸಡಿಲಗೊಂಡು ಆ ಕಡೆಯ ಸೊಂಟ ಇಳಿಯುತ್ತದೆ. ಅಡುಗೆಮನೆಯ ಕಟ್ಟೆ ಹಿಡಿದು, ಅನ್ನ ಬೇಯುವಷ್ಟು ಹೊತ್ತು, ಹೆಜ್ಜೆಯನ್ನೇ ಇಡದೆ ಇದನ್ನು ಅಭ್ಯಾಸ ಮಾಡುತ್ತಿದ್ದೆ. ಭುಜಗಳು ಅಲುಗಿದರೆ ತಪ್ಪೆಂದು ಕಿಟಕಿಯ ಗಾಜಿನ ಪ್ರತಿಬಿಂಬವೇ ಹೇಳುತ್ತಿತ್ತು.

ಕಾಲಗತಿಯದು ಇನ್ನೂ ಕಷ್ಟವಾಯಿತು. ನಾಲ್ಕು ಎಣಿಕೆಗಳಲ್ಲಿ ಹೆಜ್ಜೆ ಬೀಳುವುದು ಎರಡು, ಮೂರು, ನಾಲ್ಕಕ್ಕೆ. ಒಂದಕ್ಕೆ ಹೆಜ್ಜೆಯೇ ಇಲ್ಲ. ನಾಲ್ಕಕ್ಕೆ ಇಟ್ಟ ಹೆಜ್ಜೆಯ ಭಾರ ಒಂದಕ್ಕೆ ಸೊಂಟದಲ್ಲಿ ನೆಲೆಗೊಳ್ಳುತ್ತದೆ. ಲಂಡನ್ನಿನ ನೃತ್ಯಶಿಕ್ಷಕ ಮಾನ್ಸಿಯರ್ ಪಿಯೆರ್ 1947ರಲ್ಲಿ ಕ್ಯೂಬಾಕ್ಕೆ ಹೋಗಿಬಂದ ಮೇಲೆ, ಅವರೂ ಅವರ ನೃತ್ಯಜೊತೆಗಾತಿ ಡೋರಿಸ್ ಲಾವೆಲ್ ಅವರೂ ಈ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ ಹರಡಿದಾಗ, ಒಂದಕ್ಕೆ ಹೆಜ್ಜೆಯಿಡುತ್ತಿದ್ದ ಅಲ್ಲಿನವರೂ ನನ್ನಂತೆಯೇ ಎಡವಿರಬೇಕು. ತಾಳದ ಮೊದಲ ಪೆಟ್ಟಾದ ಸಮಕ್ಕೆ ತಟ್ಟಡವು, ಅಂದರೆ ಭರತನಾಟ್ಯದ ಪಾದ ತಟ್ಟುವ ಹೆಜ್ಜೆ, ಹಾಕಿ ಪಳಗಿದ ನನ್ನ ಕಾಲು ಒಂದಕ್ಕೇ ಎದ್ದುಬಿಡುತ್ತಿತ್ತು. ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವ ಅನಾಗತ ಎಡುಪನ್ನು ನೆನೆದು, ಒಂದನ್ನು ಕೈಯಲ್ಲಿ ತಟ್ಟಿ, ಎರಡಕ್ಕೆ ಕಾಲಿಡುತ್ತ ಅದನ್ನು ತಿದ್ದಿಕೊಂಡೆ.

ಸ್ಪರ್ಧೆಯ ರುಂಬಾ ನಿಮಿಷಕ್ಕೆ 25ರಿಂದ 27 ಆವರ್ತಗಳಷ್ಟು, ಅಂದರೆ 100ರಿಂದ 108 ಎಣಿಕೆಗಳಷ್ಟು ವೇಗದ್ದು. ನಾನು ಲಯ ಎಣಿಸುವ ಯಂತ್ರವಾದ ಮೆಟ್ರೊನೋಮನ್ನು ನಿಮಿಷಕ್ಕೆ 60 ಎಣಿಕೆಗೆ ಇಳಿಸಿ, ಮಂಡಿ ಪೂರ್ತಿ ನೇರವಾಗದೆ ಮುಂದಿನ ಹೆಜ್ಜೆ ಇಡದಂತೆ ಕಟ್ಟುಮಾಡಿಕೊಂಡೆ. ಅಲ್ಲಿಂದ 104ಕ್ಕೆ ಏರಲು ಮೂರು ತಿಂಗಳು ಹಿಡಿಯಿತು.

ಇನ್ನೊಂದು ಲ್ಯಾಟಿನ್ ನೃತ್ಯವಾದ ಚಾ-ಚಾ-ಚಾದಲ್ಲಿ ನಾಲ್ಕನೆಯ ಎಣಿಕೆ ಎರಡು ಅರ್ಧಗಳಾಗಿ ಒಡೆಯುವುದರಿಂದ ಸೊಂಟ ನೆಲೆಗೊಳ್ಳಲು ಅಷ್ಟು ಬಿಡುವಿಲ್ಲ, ಚಲನೆಯನ್ನು ಕಿರಿದಾಗಿಸಲೇಬೇಕು. ನನ್ನ ಎಡ ಮಂಡಿ ಅಲ್ಲಿ ಈಗಲೂ ಹಿಂದೆ ಬೀಳುತ್ತದೆ.