ಎಚ್7ರಲ್ಲಿ ಒಂಟೆ ಕೊಟ್ಟ ಆಟ

ಚೆಸ್ ಆಟದ ಏಳನೇ ನಡೆಗೆ 11 ನಿಮಿಷ ತಗೊಂಡೆ. ನಾನು ಯಾವತ್ತೂ ಅಷ್ಟು ಹೊತ್ತು ಯೋಚಿಸುವವನಲ್ಲ. ಆದರೆ ಆಟ ಗೆದ್ದಿದ್ದು ಆ 11 ನಿಮಿಷದಲ್ಲೇ.

ನನ್ನದು ಬಿಳಿ ಕಾಯಿ. (ಮನೆಗಳ ಹೆಸರು ಹೀಗೆ: ನನ್ನ ಎಡದಿಂದ ಬಲಕ್ಕೆ ಎಯಿಂದ ಎಚ್, ನನ್ನ ಕಡೆಯಿಂದ ಅವರ ಕಡೆಗೆ 1ರಿಂದ 8.) ಎದುರಾಳಿ ಫ್ರೆಂಚ್ ಡಿಫೆನ್ಸ್ ಅನ್ನೋ ಆರಂಭ ಆಡಿದರು. ನಾನು ಪಾನ್ (ಕಾಲಾಳು) ಅನ್ನು ಇ5ಕ್ಕೆ ತಳ್ಳಿದಾಗ ಅವರ ಕುದುರೆ ಎಫ್6 ಬಿಟ್ಟು ಡಿ7ಕ್ಕೆ ಹೋಯಿತು. ನನ್ನ ಒಂಟೆ ಡಿ3ರಲ್ಲಿ, ಕುದುರೆ ಎಫ್3ರಲ್ಲಿ. ಆಗ ಅವರು ಕ್ಯಾಸ್ಲಿಂಗ್ ಮಾಡಿದರು, ಅಂದರೆ ಒಂದೇ ನಡೆಯಲ್ಲಿ ರಾಜ ಜಿ8ಕ್ಕೆ, ಆನೆ ಎಫ್8ಕ್ಕೆ. ಎಚ್7ರ ಪಾನ್ ಕಾಯೋಕೆ ರಾಜನೊಬ್ಬನೇ ಉಳಿದ.

ಇದು ಹಳೇ ದಾಳಿ, ಗ್ರೀಕ್ ಗಿಫ್ಟ್ ಅಂತಾರೆ. 1620ರ ಆಸುಪಾಸಿನಲ್ಲೇ ಇಟಲಿಯ ಚೆಸ್ ಆಟಗಾರ ಗ್ರೆಕೊ ಬರೆದಿಟ್ಟಿದ್ದ. ಒಂಟೆಯಿಂದ ಎಚ್7 ಹೊಡೆದು ಚೆಕ್, ರಾಜ ಅದನ್ನು ತಗೊಂಡರೆ ಕುದುರೆ ಜಿ5ಕ್ಕೆ ಹಾರಿ ಇನ್ನೊಂದು ಚೆಕ್. ರಾಜ ಜಿ8ಕ್ಕೆ ವಾಪಸ್ ಹೋದರೆ ರಾಣಿ ಎಚ್5ಕ್ಕೆ, ಮುಂದೆ ಎಚ್7ರಲ್ಲಿ ಮೇಟ್ ಬೆದರಿಕೆ. ಆನೆ ಸರಿದು ರಾಜನಿಗೆ ದಾರಿ ಬಿಟ್ಟರೂ, ಮೊದಲು ಎಫ್7ರ ಪಾನ್ ಹೊಡೆದು ಆಮೇಲೆ ಎಚ್5, ಎಚ್7, ಎಚ್8 ಅಂತ ಚೆಕ್ ಕೊಡುತ್ತಾ ಹೋದರೆ ಕೊನೆಗೆ ಜಿ7ರಲ್ಲಿ ಮೇಟ್. ಎಫ್7 ಹೊಡೆಯೋದು ಮರೆತರೆ ಆ ಮೇಟ್ ಸಿಗಲ್ಲ.

ಇಷ್ಟು ನನಗೆ ಬಾಯಿಪಾಠ. ಹಿಂದೊಮ್ಮೆ ಇಷ್ಟೇ ನೋಡಿ ಒಂಟೆ ಕೊಟ್ಟು ಸೋತಿದ್ದೆ. ಅವತ್ತು ಎದುರಾಳಿಯ ಆನೆ ಆಗಲೇ ಇ8ಕ್ಕೆ ಹೋಗಿತ್ತು, ಖಾಲಿಯಾದ ಎಫ್8ಕ್ಕೆ ಅವರ ಕುದುರೆ ಬಂದು ಎಚ್7 ಕಾಯ್ದುಬಿಟ್ಟಿತು. ಅದಕ್ಕೇ ಈ ಸಲ ಮೊದಲು ನೋಡಿದ್ದು ಆನೆಯನ್ನು. ಎಫ್8ರಲ್ಲೇ ಇತ್ತು. ಆಮೇಲೆ ಎಚ್6. ರಾಜ ಅಲ್ಲಿಗೆ ಹೋದರೆ ನನ್ನ ಕುದುರೆ ದಾರಿ ಬಿಟ್ಟು ಇ6ರ ಪಾನ್ ಹೊಡೆಯುತ್ತೆ, ಹಿಂದಿಂದ ಸಿ1ರ ಒಂಟೆಯ ಚೆಕ್, ಡಿ8ರ ಅವರ ರಾಣಿ ನನಗೆ ಸಿಗುತ್ತೆ.

ಉಳಿದಿದ್ದು ರಾಜ ಜಿ6ಕ್ಕೆ ಬರೋದು. ಸಮಯ ಎಲ್ಲಾ ತಿಂದಿದ್ದು ಅದೇ. ಅಲ್ಲಿ ನೇರ ಮೇಟ್ ಕಾಣಲ್ಲ, ನಾನು ಒಂಟೆ ಕಳಕೊಂಡಿರ್ತೀನಿ, ಒಂದೇ ಒಂದು ನಡೆ ತಪ್ಪಿದರೂ ಆಟ ಮುಗೀತು. ರಾಣಿ ಜಿ4ಕ್ಕೆ, ಅವರು ಎಫ್5 ತಳ್ಳಿ ಅದನ್ನು ಓಡಿಸ್ತಾರೆ, ರಾಣಿ ಜಿ3ಕ್ಕೆ ಇಳಿಯುತ್ತೆ. ಈಗ ರಾಣಿಗೂ ರಾಜನಿಗೂ ನಡುವೆ ಇರೋದು ನನ್ನದೇ ಕುದುರೆ! ಅದು ಇ6ಕ್ಕೆ ಹಾರಿದರೆ ಇಲ್ಲೂ ಹಿಂದಿಂದ ಚೆಕ್, ಇಲ್ಲೂ ಗುರಿ ಅದೇ ರಾಣಿ. ಇದು ಕಂಡಾಗ ಎದೆ ಹೊಡಕೊಳ್ಳೋಕೆ ಶುರುವಾಯಿತು. ಪೂರ್ತಿ ಇನ್ನೊಂದು ಸಲ ಲೆಕ್ಕ ಹಾಕಿ ಎಚ್7 ಹೊಡೆದೆ.

ಅವರು ತಗೊಂಡರು. ಕುದುರೆ ಜಿ5. ತುಂಬಾ ಹೊತ್ತು ಬೋರ್ಡ್ ನೋಡಿ ರಾಜನನ್ನು ಜಿ6ಕ್ಕೇ ತಂದರು, ಧೈರ್ಯದ ನಡೆ ಅಲ್ವಾ? ರಾಣಿ ಜಿ4, ಎಫ್5, ರಾಣಿ ಜಿ3. ಆಗ ಅವರು ಇನ್ನೊಂದು ಕುದುರೆಯನ್ನು ಸಿ6ಕ್ಕೆ ತಂದು ನನ್ನ ಪಾನ್‌ಗಳ ಮೇಲೆ ಕಣ್ಣಿಟ್ಟರು. ನಾನು ಇ6 ಹೊಡೆದೆ. ರಾಜ ಎಫ್7ಕ್ಕೆ ಸರಿದ, ಕುದುರೆ ಡಿ8ರ ರಾಣಿಯನ್ನು ಎತ್ತಿತು, ಅದೂ ಚೆಕ್ ಸಮೇತ.

ಇನ್ನೂ ಆರು ನಡೆ ಆಡಿ ಅವರು ಕೈ ಚಾಚಿದರು. ಕೈ ಕುಲುಕುತ್ತಲೇ ಕೇಳಿದ್ದು ಒಂದೇ ಪ್ರಶ್ನೆ, ‘ಜಿ8ಕ್ಕೆ ಹೋಗಿದ್ದರೆ?’ ಕಾಯಿಗಳನ್ನು ಮತ್ತೆ ಜೋಡಿಸಿ ಇಬ್ಬರೂ ಕೂತೆವು.