ಗಾಡಿ ಸ್ಲೋನಲ್ಲಿ ನಿಲ್ಲುತ್ತಿರಲಿಲ್ಲ: ಒಂದು ತಿಂಗಳ ಹುಡುಕಾಟ

ಸೆಲ್ಫ್ ಒತ್ತಿದರೆ ಒಂದೇ ಸಲಕ್ಕೆ ಸ್ಟಾರ್ಟ್. ಮೊದಲ ನಾಲ್ಕೈದು ನಿಮಿಷ ಏನೂ ತೊಂದರೆ ಇಲ್ಲ. ಎಂಜಿನ್ ಬಿಸಿ ಆಗುತ್ತಿದ್ದ ಹಾಗೆ ಸ್ಲೋನಲ್ಲಿ, ಅಂದರೆ ರೇಸ್ ಕೊಡದೆ ಎಂಜಿನ್ ಸುಮ್ನೆ ಓಡುವಾಗ, ತೊಂದರೆ ಶುರುವಾಗುತ್ತಿತ್ತು. ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಎರಡು ಸಾವಿರಕ್ಕೆ ಏರುವುದು, ಸಾವಿರಕ್ಕೆ ಇಳಿಯುವುದು, ಮತ್ತೆ ಏರುವುದು. ಪಕ್ಕದಲ್ಲಿ ಯಾರೋ ನಿಂತು ಸುಮ್ನೆ ರೇಸ್ ಕೊಟ್ಟು ಬಿಟ್ಟು ಮಾಡಿದ ಹಾಗೆ. ಕೆಲವು ಸಲ ಹಾಗೇ ಆಫ್. ಮೀಟರಿನ ಹಳದಿ ಎಂಜಿನ್ ದೀಪ ಮಾತ್ರ ಒಮ್ಮೆಯೂ ಹತ್ತಲಿಲ್ಲ.

ನನ್ನದು ಒಂದೇ ಸಿಲಿಂಡರಿನ, ಫ್ಯುಯೆಲ್ ಇಂಜೆಕ್ಷನ್ ಇರುವ ಬಿಎಸ್6 ಬೈಕ್. ಆಗ 28 ಸಾವಿರ ಕಿಲೋಮೀಟರ್ ಓಡಿತ್ತು. ಮನೆ ಶಿವಮೊಗ್ಗ ಜಿಲ್ಲೆಯ ಸಾಗರ ಊರಿನ ಹತ್ತಿರ. ಆ ಮಳೆಗಾಲದಲ್ಲಿ ಐದು ವಾರ ಗಾಡಿ ಕೊಟ್ಟಿಗೆಯಲ್ಲೇ ನಿಂತಿತ್ತು. ಮಳೆ ಬಿಟ್ಟ ಮೇಲೆ ತೆಗೆದಾಗ ಈ ತೊಂದರೆ ಕಾಣಿಸಿಕೊಂಡಿತು.

ನನಗೆ ಮೊದಲು ಅನುಮಾನ ಬಂದಿದ್ದು ಪೆಟ್ರೋಲ್ ಮೇಲೆ. ಈಗ ಪಂಪ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಮಲೆನಾಡಿನ ಮಳೆಯಲ್ಲಿ ಇದು ಆಗದ ಮಾತೇನಲ್ಲ. ಟ್ಯಾಂಕಿನಿಂದ ಅರ್ಧ ಲೀಟರ್ ತೆಗೆದು ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ನೋಡಿದರೆ ಒಂದೇ ಬಣ್ಣ, ತಳದಲ್ಲಿ ಪದರ ಇಲ್ಲ. ಆದರೂ ಹಳೆಯದನ್ನು ಖಾಲಿ ಮಾಡಿ ಹೊಸದು ತುಂಬಿಸಿದೆ. ಏನೂ ಬದಲಾಗಲಿಲ್ಲ.

ಆಮೇಲೆ ಪ್ಲಗ್ ಬದಲಿಸಿದೆ. ಏರ್ ಫಿಲ್ಟರ್ ಬದಲಿಸಿದೆ. ಬ್ಯಾಟರಿ ನೋಡಿದೆ. ನಿಂತಾಗ 12.6 ವೋಲ್ಟ್, ಸ್ಟಾರ್ಟ್ ಆದ ಮೇಲೆ 14ರ ಆಸುಪಾಸು, ಅಂದರೆ ಸರಿಯಾಗಿಯೇ ಇತ್ತು. ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಬಿಚ್ಚಿದಾಗ ಅದರೊಳಗಿನ ಚಿಟ್ಟೆ ವಾಲ್ವಿನ ಅಂಚಿನಲ್ಲಿ ಮಸಿ ಕೂತಿತ್ತು. ಬಟ್ಟೆಗೆ ಕ್ಲೀನರ್ ಹಾಕಿ ಒರೆಸಿದೆ. ನೇರ ಒಳಗೆ ಹೊಡೆದರೆ ಪಕ್ಕದ ಸೆನ್ಸರ್‌ಗಳಿಗೆ ಹೋಗುತ್ತದೆ, ಹಾಗೆ ಮಾಡಬಾರದು. ಒಂದು ದಿನ ಗಾಡಿ ಚೆನ್ನಾಗಿತ್ತು. ಮರುದಿನ ಮತ್ತೆ ಅದೇ ಏರಿಳಿತ.

ಅಷ್ಟು ಹೊತ್ತಿಗೆ ಎರಡು ವಾರ ಕಳೆದಿತ್ತು. ಒಂದು ಸರ್ವಿಸ್ ಸೆಂಟರ್‌ಗೆ ಒಯ್ದೆ. ಎಂಜಿನ್ ಕಂಪ್ಯೂಟರಿನಲ್ಲಿ ದೋಷದ ಕೋಡ್ ಏನೂ ಇಲ್ಲ, ಥ್ರಾಟಲ್ ಬಾಡಿ ಪೂರ್ತಿ ಬದಲಿಸಿ ನೋಡೋಣ ಅಂದರು. ‘ಬದಲಿಸಿ ನೋಡೋಣ’ ಅನ್ನುವ ಮಾತಿಗೆ ಅಷ್ಟು ದುಡ್ಡು ಹಾಕಲು ಮನಸ್ಸು ಒಪ್ಪಲಿಲ್ಲ. ವಾಪಸ್ ತಂದೆ.

ನಮ್ಮೂರಲ್ಲಿ ಕಾರ್ಬೋರೇಟರ್ ಕಾಲದಿಂದ ಗಾಡಿ ಬಿಚ್ಚುತ್ತಾ ಬಂದ ಒಬ್ಬರು ಮೆಕ್ಯಾನಿಕ್ ಇದ್ದಾರೆ. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು. ಗಾಡಿ ಸ್ಟಾರ್ಟ್ ಮಾಡಿಸಿ, ಎರಡು ನಿಮಿಷ ಕಿವಿಗೊಟ್ಟು ಕೇಳಿದರು. “ತಮ್ಮಾ, ಪಾರ್ಟ್ ಬದಲಿಸೋದು ಆಮೇಲೆ. ಇದು ಎಲ್ಲಿಂದಲೋ ಕದ್ದು ಗಾಳಿ ಕುಡೀತಿದೆ. ಮೊದಲು ಅದನ್ನ ಹುಡುಕು” ಅಂದರು.

ಆ ಮಾತು ಹಿಡಿದುಕೊಂಡು ಕೂತು ಯೋಚಿಸಿದೆ. ಇಂಜೆಕ್ಷನ್ ಗಾಡಿಯಲ್ಲಿ ಥ್ರಾಟಲ್ ಮುಚ್ಚಿದಾಗಲೂ ಪಕ್ಕದ ಒಂದು ಸಣ್ಣ ದಾರಿಯಲ್ಲಿ ಗಾಳಿ ಹೋಗುತ್ತಿರುತ್ತದೆ. ನನ್ನ ಗಾಡಿಯಲ್ಲಿ ಆ ದಾರಿಯನ್ನು ಒಂದು ಪುಟ್ಟ ಮೋಟಾರ್ ಹಿಗ್ಗಿಸಿ ಕುಗ್ಗಿಸುತ್ತದೆ. ಅದೇ ಐಡಲ್ ವಾಲ್ವ್ (ಐಡಲ್ ಅಂದರೆ ಸ್ಲೋ). ಅದಕ್ಕೆ ಅಪ್ಪಣೆ ಕೊಡುವುದು ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್. ಥ್ರಾಟಲ್‌ನಿಂದ ಮುಂದೆ ಎಲ್ಲೋ ತೂತಾಗಿ ಗಾಳಿ ಒಳಗೆ ಬಂತು ಅಂತಿಟ್ಟುಕೊಳ್ಳಿ. ಎಂಜಿನ್ ವೇಗ ಏರುತ್ತದೆ. ಇಸಿಯು ವಾಲ್ವ್ ಮುಚ್ಚಿಸುತ್ತದೆ. ವೇಗ ಬೇಕಾದ್ದಕ್ಕಿಂತ ಕೆಳಗೆ ಬೀಳುತ್ತದೆ. ಗಾಬರಿಯಲ್ಲಿ ಮತ್ತೆ ತೆರೆಸುತ್ತದೆ. ನನ್ನ ಗಾಡಿ ಏರಿಳಿಯುತ್ತಿದ್ದದ್ದು ಹೀಗೇ ಇರಬೇಕು ಅನ್ನಿಸಿತು. ತಣ್ಣಗಿರುವಾಗ ಯಾಕೆ ಸರಿ ಇರುತ್ತಿತ್ತು ಅನ್ನುವುದಕ್ಕೂ ಉತ್ತರ ಸಿಕ್ಕಿತು. ಆಗ ಇಸಿಯು ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಹೆಚ್ಚುವರಿ ಗಾಳಿ ಅದರಲ್ಲಿ ಮುಚ್ಚಿಹೋಗುತ್ತದೆ.

ಗೆಳೆಯನ ಹತ್ತಿರ ಇಸಿಯುನಲ್ಲಿರುವ ಮಾಹಿತಿ ಓದುವ ಓಬಿಡಿ ಡಾಂಗಲ್ ಇತ್ತು. ಸೀಟಿನ ಕೆಳಗೆ ಆರು ಪಿನ್ನಿನ ಕೆಂಪು ಕನೆಕ್ಟರ್ ಇದೆ. ಕಾರಿನ ಡಾಂಗಲ್ ಅದಕ್ಕೆ ನೇರ ಕೂರುವುದಿಲ್ಲ, ಮಧ್ಯೆ ಒಂದು ಅಡಾಪ್ಟರ್ ಕೇಬಲ್ ಬೇಕು. ಕೋಡ್ ಬರಲಿಲ್ಲ, ಆದರೆ ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್‌ನ ವೋಲ್ಟೇಜ್ ಕಾಣಿಸಿತು. ಸರಿಯಿರುವ ಎಂಜಿನ್‌ನಲ್ಲಿ ಅದು 0.1ರಿಂದ 0.9 ವೋಲ್ಟ್ ನಡುವೆ ಓಲಾಡುತ್ತಿರಬೇಕು. ಐಡಲ್‌ನಲ್ಲಿ ನನ್ನದು 0.1ರ ಹತ್ತಿರವೇ ಅಂಟಿಕೊಂಡಿತ್ತು. ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ರೇಸ್ ಕೊಟ್ಟು 3,000ಕ್ಕೆ ತಂದರೆ ಓಲಾಟ ಸರಿಯಾಗುತ್ತಿತ್ತು. ಥ್ರಾಟಲ್ ತೆರೆದಾಗ ಸಣ್ಣ ತೂತಿನ ಗಾಳಿ ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ? ಅಣ್ಣ ಹೇಳಿದ್ದು ಸರಿ ಅಂತ ನನಗೆ ಆಗ ಗಟ್ಟಿಯಾಯಿತು. ಸೈಲೆನ್ಸರ್ ಜಾಯಿಂಟ್ ಸೋರಿದರೂ ಸೆನ್ಸರ್ ಹೀಗೇ ತೋರಿಸಬಹುದು. ಅದನ್ನೂ ನೋಡಿದೆ, ಎಲ್ಲೂ ಮಸಿಯ ಗುರುತಿರಲಿಲ್ಲ.

ಸೋರಿಕೆ ಹುಡುಕಲು ಕೆಲವರು ಕ್ಲೀನರ್ ಸ್ಪ್ರೇ ಹೊಡೆಯುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಹಾಗೆ ಮಾಡಲು ನನಗೆ ಧೈರ್ಯ ಇಲ್ಲ, ನೀವೂ ಮಾಡಬೇಡಿ. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ತೆಗೆದುಕೊಂಡೆ. ಎಂಜಿನ್ ಐಡಲ್‌ನಲ್ಲಿ ಇರುವಾಗ ಥ್ರಾಟಲ್ ಬಾಡಿಗೂ ಎಂಜಿನ್ ಹೆಡ್‌ಗೂ ನಡುವಿನ ರಬ್ಬರ್ ಬೂಟ್ ಸುತ್ತ ನೀರಿನ ಹನಿ ಹೊಡೆದೆ. ಬಿರುಕಿದ್ದರೆ ನೀರು ಒಂದು ಕ್ಷಣ ಅದನ್ನು ಮುಚ್ಚುತ್ತದೆ, ಎಂಜಿನ್ ಸದ್ದು ಬದಲಾಗುತ್ತದೆ. ಏನೂ ಬದಲಾಗಲಿಲ್ಲ. ಕ್ಲಾಂಪ್ ಬಿಗಿಯಾಗಿತ್ತು. ರಬ್ಬರ್ ಚೆನ್ನಾಗಿತ್ತು.

ಉಳಿದದ್ದು ಥ್ರಾಟಲ್ ಬಾಡಿಗೆ ಬಂದು ಸೇರುವ ಒಂದು ಸಣ್ಣ ಪೈಪ್. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿ ಗಾಳಿಗೆ ಹೋಗದ ಹಾಗೆ ಹಿಡಿದಿಡಲು ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ, ಅದು ಕ್ಯಾನಿಸ್ಟರ್. ಅಲ್ಲಿಂದ ಒಂದು ಪರ್ಜ್ ವಾಲ್ವ್ ಮೂಲಕ ಆವಿ ಮತ್ತೆ ಎಂಜಿನ್‌ಗೆ ಬರುತ್ತದೆ. ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ, ಥ್ರಾಟಲ್ ಬಾಡಿಯ ಹತ್ತಿರವೇ ಆ ಪೈಪನ್ನು ಮೆಲ್ಲಗೆ ಅದುಮಿದೆ.

ಏರಿಳಿತ ನಿಂತಿತು. 1,400ರಲ್ಲಿ ಅಲುಗಾಡದೆ ನಿಂತಿತು. ಬಿಟ್ಟೆ, ಮತ್ತೆ ಏರಿಳಿತ. ಅದುಮಿದೆ, ಮತ್ತೆ ಶಾಂತ. ಮೂರು ಸಲ ಮಾಡಿದೆ. ಆ ಸಂತೋಷವನ್ನು ಹೇಗೆ ಹೇಳಲಿ! ಆಮೇಲೆ ಪರ್ಜ್ ವಾಲ್ವಿನ ಪಕ್ಕದಲ್ಲಿ ಅದುಮಿದೆ. ಅಲ್ಲಿ ಅದುಮಿದರೆ ಏನೂ ಆಗಲಿಲ್ಲ. ಅಂದರೆ ತೂತು ಈ ಎರಡು ಜಾಗಗಳ ನಡುವೆ ಇದೆ.

ಟ್ಯಾಂಕ್ ಎತ್ತಿದೆ. ಪೈಪಿನ ಕೆಳಮೈಯಲ್ಲಿ, ಮೇಲಿಂದ ಕಾಣದ ಕಡೆ, ಇಲಿ ಕಡಿದಿತ್ತು. ಅಕ್ಕಿಕಾಳಿನಷ್ಟು ದೊಡ್ಡ ತೂತು. ಪಕ್ಕದಲ್ಲಿ ಹಲ್ಲಿನ ಗುರುತು. ಕೊಟ್ಟಿಗೆಯಲ್ಲಿ ಐದು ವಾರ ನಿಂತಿದ್ದರ ಫಲ ಅದು.

ಶಿವಮೊಗ್ಗದ ಸ್ಪೇರ್ಸ್ ಅಂಗಡಿಯಲ್ಲಿ ಅದೇ ಅಳತೆಯ ರಬ್ಬರ್ ಪೈಪ್ ಸಿಕ್ಕಿತು. ಪೆಟ್ರೋಲ್ ತಡೆಯುವ ಪೈಪ್ ಅಂತ ಕೇಳಿಯೇ ತೆಗೆದುಕೊಳ್ಳಬೇಕು. ಬೇರೆ ಪ್ಲಾಸ್ಟಿಕ್ ಪೈಪ್ ಹಾಕಿದರೆ ಪೆಟ್ರೋಲ್ ಆವಿಗೆ ಗಟ್ಟಿಯಾಗಿ ಒಡೆಯುತ್ತದೆ. ಹಾಕಿದ ಮೇಲೆ ನನ್ನ ಗಾಡಿಯ ಪುಸ್ತಕದಲ್ಲಿ ಹೇಳಿದ ಹಾಗೆ ಇಸಿಯು ಹಳೆ ಲೆಕ್ಕ ಮರೆಯಲು ಬಿಟ್ಟೆ. ರೇಸ್ ಮುಟ್ಟದೆ ಹದಿನೈದು ನಿಮಿಷ ಐಡಲ್‌ನಲ್ಲಿ ಓಡಿಸಿದೆ. ಏರಿಳಿತ ಹೋಯಿತು.

ಆದರೆ ಕೆಲಸ ಮುಗಿದಿರಲಿಲ್ಲ. ಶಿವಮೊಗ್ಗಕ್ಕೆ ಹೋಗಿ ಬರುವಾಗ ರೈಲ್ವೆ ಗೇಟಿನಲ್ಲಿ ನಿಲ್ಲಿಸಿದೆ. ಆರ್‌ಪಿಎಂ ಮೆಲ್ಲಗೆ 1,100ಕ್ಕೆ ಇಳಿದು ಗಾಡಿ ಆಫ್ ಆಯಿತು. ಈ ಸಲ ಏರುವುದು ಇಲ್ಲ, ಬರೀ ಇಳಿಯುವುದು. ಅದೂ ದೂರ ಓಡಿಸಿ ಎಂಜಿನ್ ಚೆನ್ನಾಗಿ ಕಾದಾಗ ಮಾತ್ರ. ಇಲಿಯ ತೂತಿನ ಹಿಂದೆ ಇನ್ನೊಂದು ತೊಂದರೆ ಅಡಗಿತ್ತು. ಎರಡೂ ಸೇರಿದ್ದಕ್ಕೇ ನನಗೆ ಇಷ್ಟು ದಿನ ಬುಡ ಸಿಗದೆ ಹೋಗಿದ್ದು.

ಅಣ್ಣ ಕೇಳಿದರು, “ಟ್ಯಾಪೆಟ್ ಯಾವಾಗ ನೋಡಿದ್ದು?” ನೋಡಿರಲಿಲ್ಲ. (ಟ್ಯಾಪೆಟ್ ಅಂದರೆ ಎಂಜಿನ್ ವಾಲ್ವನ್ನು ಒತ್ತುವ ಭಾಗ. ಅದಕ್ಕೂ ವಾಲ್ವಿಗೂ ನಡುವೆ ಸಣ್ಣ ಗ್ಯಾಪ್ ಇರಬೇಕು.) ಸದ್ದೇ ಇರಲಿಲ್ಲವಲ್ಲ, ಅದಕ್ಕೇ ಸರಿ ಇದೆ ಅಂದುಕೊಂಡಿದ್ದೆ. “ಸದ್ದು ಮಾಡೋ ಟ್ಯಾಪೆಟ್ ಪರವಾಗಿಲ್ಲ ತಮ್ಮಾ, ಸದ್ದು ನಿಂತಿದ್ದಕ್ಕೇ ಹೆದರಬೇಕು” ಅಂದರು. ಗ್ಯಾಪ್ ಕಡಿಮೆಯಾದರೆ ಸದ್ದು ಬರುವುದಿಲ್ಲ. ಎಂಜಿನ್ ಕಾದು ವಾಲ್ವ್ ಹಿಗ್ಗಿದಾಗ ಪೂರ್ತಿ ಮುಚ್ಚಿಕೊಳ್ಳುವುದೂ ಇಲ್ಲ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಸೋರುತ್ತದೆ. ಓಡುವಾಗ ಸೋರಲು ಸಮಯ ಸಿಗುವುದಿಲ್ಲ, ಹಾಗಾಗಿ ಗೊತ್ತಾಗುವುದಿಲ್ಲ. ಸ್ಲೋನಲ್ಲಿ ಎಂಜಿನ್ ಸಾಯುತ್ತದೆ.

ರಾತ್ರಿಯಿಡೀ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಕವರ್ ಬಿಚ್ಚಿದೆವು. ಕಂಪ್ರೆಷನ್ ಹೊಡೆತದಲ್ಲಿ ಪಿಸ್ಟನ್ ಮೇಲೆ ಬಂದು, ಟೈಮಿಂಗ್ ಗುರುತು ಎದುರಾದಾಗ ಗ್ಯಾಪ್ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ತೂರಿಸಿದೆ. ಗಾಳಿ ಒಳಗೆ ಬಿಡುವ ಇನ್‌ಟೇಕ್ ವಾಲ್ವ್ ಸರಿ ಇತ್ತು. ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವಿಗೆ ಪುಸ್ತಕ ಹೇಳುವುದು 0.15 ಮಿಲಿಮೀಟರ್. 0.05ರ ಪಟ್ಟಿಯೇ ಬಿಗಿಯಾಗಿ ಹೋಯಿತು. ಲಾಕ್ ನಟ್ ಸಡಿಲಿಸಿ ಸ್ಕ್ರೂ ತಿರುಗಿಸಿ ಸರಿ ಮಾಡಿದೆವು. ಇಲ್ಲಿ ಒಂದು ಎಚ್ಚರ ಬೇಕು. ನಟ್ ಬಿಗಿಯುವಾಗ ಗ್ಯಾಪ್ ಮತ್ತೆ ಬದಲಾಗುತ್ತದೆ. ಬಿಗಿದ ಮೇಲೆ ಇನ್ನೊಮ್ಮೆ ಅಳೆಯಲೇಬೇಕು. ನಮಗೆ ಮೂರನೇ ಸಲಕ್ಕೆ ಸರಿ ಬಂತು.

ಥ್ರಾಟಲ್ ಎಲ್ಲಿಯವರೆಗೆ ಮುಚ್ಚಬೇಕು ಅಂತ ತಡೆಯುವ ಥ್ರಾಟಲ್ ಸ್ಟಾಪ್ ಸ್ಕ್ರೂಗೆ ಕಂಪನಿಯವರು ಬಣ್ಣ ಹಚ್ಚಿ ಗುರುತು ಮಾಡಿರುತ್ತಾರೆ. ಈ ಒಂದು ತಿಂಗಳಲ್ಲಿ ನಾಲ್ಕು ಜನ ನನಗೆ ‘ಅದನ್ನ ಸ್ವಲ್ಪ ತಿರುಗಿಸು, ಸ್ಲೋ ಏರುತ್ತೆ’ ಅಂದರು. ಮುಟ್ಟಲಿಲ್ಲ. ಮುಟ್ಟಿದ್ದರೆ ಥ್ರಾಟಲ್ ಸೆನ್ಸರಿನ ಮೂಲ ಲೆಕ್ಕವೇ ತಪ್ಪುತ್ತಿತ್ತು, ಮೂರನೇ ತೊಂದರೆಯನ್ನು ನಾನೇ ಮಾಡಿಕೊಂಡಂತಾಗುತ್ತಿತ್ತು.

ಎರಡು ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ಅಳೆದೆ. ಎಕ್ಸಾಸ್ಟ್ ಗ್ಯಾಪ್ 0.15ರಲ್ಲೇ ಇತ್ತು. ಗಾಡಿಯನ್ನು ಈಗ ಕೊಟ್ಟಿಗೆಯಲ್ಲಿ ಬಿಡುವುದಿಲ್ಲ, ಮನೆ ಜಗುಲಿಯ ಪಕ್ಕ ನಿಲ್ಲಿಸುತ್ತೇನೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಟ್ಯಾಂಕಿನ ಕೆಳಗೆ ಕೈ ಹಾಕಿ ಆ ಪೈಪಿನ ಕೆಳಮೈ ಸವರಿ ನೋಡುತ್ತೇನೆ.